ಕೆಂಪು ಬಕೆಟ್ಟು ಹಾಕಿದ ಬ್ರೇಕು

ಕಂಪ್ಯೂಟರಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಕಟ್ಟಲು ಹೊರಟವರನ್ನು ಮೊದಲು ಕಾಡುವುದು ಮರಗಳ ಭಯ. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ, ನೂರಕ್ಕೂ ಮೀರಿದ ಸೇತುವೆಗಳು, 50 ಮೀಟರಿಗೆ 1 ಮೀಟರ್ ಏರುವ ಹಳಿ, ಎರಡೂ ಬದಿಗೆ ಕಾಡು. ಕಾಡು ಹಾಕದಿದ್ದರೆ ಅದು ಘಾಟಿಯೇ ಅಲ್ಲ. ಹಾಕಿದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ನನ್ನ ಗೂಡ್ಸ್ ಗಾಡಿ ಕಡಗರವಳ್ಳಿ ದಾಟಿ ಯಡಕುಮರಿ ಸಮೀಪಿಸಿದಾಗ ಮುಗ್ಗರಿಸತೊಡಗಿತು. ನೋಡಿದ ಗೆಳೆಯರೆಲ್ಲ ಒಂದೇ ತೀರ್ಪು ಕೊಟ್ಟರು: "ಅರ್ಧ ಮರ ಕಡಿದು ಬಿಸಾಕು ಮಾರಾಯ."

ನಾನು ಬಳಸುವುದು ಟ್ರೈನ್ಜ್ ಎಂಬ ರೈಲು ಸಿಮ್ಯುಲೇಟರ್. 2001ರಲ್ಲಿ ಆಸ್ಟ್ರೇಲಿಯಾದ ಆರಾನ್ ಸಂಸ್ಥೆ ಹೊರತಂದದ್ದು. ಇದರ ಭಾಗ್ಯವೂ ಕರ್ಮವೂ ಒಂದೇ: ಮರ, ಮನೆ, ಸಿಗ್ನಲ್, ಬೆಂಚು ಎಲ್ಲವನ್ನೂ ಜಗತ್ತಿನಾದ್ಯಂತ ಹವ್ಯಾಸಿಗಳು ಮಾಡಿಟ್ಟಿದ್ದಾರೆ. ಬೇಕಾದ್ದನ್ನು ಎತ್ತಿಕೊಂಡು ಜೋಡಿಸಿದರಾಯಿತು. ಯಾವುದನ್ನು ಯಾರು, ಯಾವ ಕಾಲದಲ್ಲಿ, ಎಷ್ಟು ಲೆಕ್ಕ ಹಾಕಿ ಮಾಡಿದರು ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ.

ಮರಕ್ಕೆ ಕೊಡಲಿ ಹಾಕುವ ಮೊದಲು ಅಳೆದು ನೋಡುವುದು ಒಳ್ಳೆಯದೆನಿಸಿತು. ಅಳತೆಗೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ ಹಿಡಿದರೆ ದಾರಿ ತಪ್ಪುತ್ತದೆ. 60ರಿಂದ 50ಕ್ಕೆ ಇಳಿದಾಗ ಹತ್ತು ಹೋಯಿತು, 20ರಿಂದ 15ಕ್ಕೆ ಇಳಿದಾಗ ಐದೇ ಹೋಯಿತು ಎಂದು ಅನಿಸುತ್ತದೆ. ಆದರೆ ಒಂದು ಫ್ರೇಮ್ ಬಿಡಿಸಲು ತಗಲುವ ಸಮಯ ಮೊದಲನೆಯದರಲ್ಲಿ ಹೆಚ್ಚಿದ್ದು ಬರೀ 3.3 ಮಿಲಿಸೆಕೆಂಡ್, ಎರಡನೆಯದರಲ್ಲಿ 16.7. ಹಾಗಾಗಿ ಎಲ್ಲವನ್ನೂ ಮಿಲಿಸೆಕೆಂಡಿನಲ್ಲೇ ಬರೆದಿಟ್ಟುಕೊಂಡೆ. ಪ್ರತಿಸಲವೂ ಅದೇ ಜಾಗ, ಅದೇ ಕ್ಯಾಮೆರಾ ಕೋನ, ಅದೇ ಹಗಲು ಹೊತ್ತು, ಅದೇ ಗಾಡಿ. ಪರದೆಯ ತಾಳಕ್ಕೆ ಫ್ರೇಮುಗಳನ್ನು ಕಟ್ಟಿಹಾಕುವ ವಿ-ಸಿಂಕ್ ಆಫ್ ಮಾಡಿದೆ. ಅದು ಆನ್ ಇದ್ದರೆ 60 ಕೂದಲೆಳೆಯಲ್ಲಿ ತಪ್ಪಿದರೂ ನೇರ 30ಕ್ಕೆ ಬೀಳಬಹುದು, ನಿಜವಾದ ಹೊರೆ ಎಷ್ಟೆಂದು ಗೊತ್ತಾಗುವುದೇ ಇಲ್ಲ.

ಮೊದಲ ಸುಳಿವು ಕೊಟ್ಟದ್ದು ಆಕಾಶ. ಯಡಕುಮರಿ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ನಿಲ್ಲಿಸಿ ಕ್ಯಾಮೆರಾವನ್ನು ನೆತ್ತಿಯ ಮೇಲಕ್ಕೆ ತಿರುಗಿಸಿದೆ. ಪರದೆಯ ಮೇಲೆ ನೀಲಿ ಬಿಟ್ಟು ಬೇರೇನಿಲ್ಲ. ಎಳೆತ ಬಹುಪಾಲು ಮಾಯವಾಯಿತು, ಅಂದರೆ ಹೊರೆ ಚಿತ್ರ ಬಿಡಿಸುವುದರಲ್ಲಿದೆ. ಆದರೆ ಆ ಖಾಲಿ ನೀಲಿಯಲ್ಲೂ ಫ್ರೇಮ್ ಸಮಯ ಆಗಾಗ ತಟಕ್ಕನೆ ಜಿಗಿದು ಇಳಿಯುತ್ತಿತ್ತು, ಗಡಿಯಾರ ಹಿಡಿದಂತೆ ಲಯಬದ್ಧವಾಗಿ. ಬಿಡಿಸಲು ಏನೂ ಇಲ್ಲದಾಗ ಬರುವ ಜಿಗಿತಕ್ಕೆ ಗ್ರಾಫಿಕ್ಸ್ ಕಾರ್ಡನ್ನು ದೂರುವಂತಿಲ್ಲ. ಕಾಯಿಲೆ ಎರಡಿದ್ದವು, ಲಕ್ಷಣ ಒಂದೇ ಆಗಿ ಕಾಣುತ್ತಿತ್ತು.

ಎರಡನೆಯ ಪರೀಕ್ಷೆ, ಆಟದ ಕಿಟಕಿಯನ್ನು ಕಾಲು ಭಾಗಕ್ಕೆ ಕುಗ್ಗಿಸುವುದು. ಹೊರೆ ಪಿಕ್ಸೆಲ್ ತುಂಬುವುದರಲ್ಲಿದ್ದರೆ ಕಿಟಕಿ ಚಿಕ್ಕದಾದ ಕೂಡಲೇ ವೇಗ ಏರಬೇಕು. ಏರಲಿಲ್ಲ. ಎಲೆಗಳ ಮೇಲೆ ಎಲೆ ಬಳಿಯುವುದರಲ್ಲಿ ಕಾರ್ಡ್ ಸುಸ್ತಾಗಿದ್ದಿದ್ದರೆ ಇಲ್ಲಿ ಗೊತ್ತಾಗಬೇಕಿತ್ತು. ಮರಗಳ ಮೇಲಿನ ಆರೋಪ ಅಲ್ಲೇ ಸಡಿಲವಾಯಿತು.

ಇನ್ನು ಹುಡುಕಾಟ. ಮಾರ್ಗ ಕಟ್ಟುವ ಉಪಕರಣವಾದ ಸರ್ವೇಯರ್‌ನಲ್ಲಿ ವಸ್ತುಗಳನ್ನು ಪದರ ಪದರವಾಗಿ ಇಡಬಹುದು, ಬೇಕೆಂದಾಗ ಒಂದು ಪದರವನ್ನು ಮರೆಮಾಡಬಹುದು. ಮಾರ್ಗದ ನಕಲೊಂದನ್ನು ಮಾಡಿಕೊಂಡು ಅದರಲ್ಲೇ ಈ ಕೆಲಸಕ್ಕೆ ಇಳಿದೆ. ಮರಗಳ ಪದರ ಮರೆಮಾಡಿದರೆ ಅಲ್ಪ ಲಾಭ. ಕಟ್ಟಡಗಳನ್ನು ತೆಗೆದರೆ ಏನೂ ಇಲ್ಲ. ಕೊನೆಗೆ 'ಚಿಲ್ಲರೆ' ಎಂದು ಹೆಸರಿಟ್ಟಿದ್ದ ಪದರ: ಬೆಂಚು, ನಲ್ಲಿ, ಕಸದ ಡಬ್ಬಿ, ಸ್ಲೀಪರ್ ರಾಶಿ. ಅದನ್ನು ಮರೆಮಾಡಿದ್ದೇ ತಡ, ಗಾಡಿ ಬೆಣ್ಣೆಯ ಹಾಗೆ ಜಾರತೊಡಗಿತು. ಚಿಲ್ಲರೆಯನ್ನು ಎರಡು ಪಾಲು ಮಾಡಿದೆ, ತಪ್ಪಿತಸ್ಥ ಪಾಲನ್ನು ಮತ್ತೆ ಎರಡು ಮಾಡಿದೆ. ವಸ್ತು ಸಾವಿರವಿದ್ದರೂ ಹತ್ತು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ.

ಸಿಕ್ಕಿದ್ದು ಬೆಂಕಿ ಬಕೆಟ್. ನಮ್ಮ ಸ್ಟೇಷನ್ನುಗಳ ಗೋಡೆ ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ನೇತುಹಾಕಿರುತ್ತಾರಲ್ಲ, ಮರಳು ತುಂಬಿದ ಕೆಂಪು ಬಕೆಟ್ಟುಗಳು, ಅದೇ. ನೋಡಲು ಬಲು ಚೆಂದ. ಅದಕ್ಕೇ ಎಲ್ಲ ಸ್ಟೇಷನ್ನುಗಳಿಗೂ ಧಾರಾಳವಾಗಿ ಹಂಚಿದ್ದೆ. ಪ್ರಿವ್ಯೂ ತೆರೆದು ತಂತಿಬಲೆ ನೋಟಕ್ಕೆ ಬದಲಿಸಿದೆ. ಸರಿಯಾಗಿ ಮಾಡಿದ ವಸ್ತುವಾದರೆ ತ್ರಿಕೋನಗಳ ಜಾಲರಿ ಕಾಣುತ್ತದೆ, ನಡುವೆ ಹಿಂದಿನದೂ ಇಣುಕುತ್ತದೆ. ಇದರಲ್ಲಿ ಗೆರೆಗಳು ಎಷ್ಟು ಒತ್ತಾಗಿದ್ದವೆಂದರೆ ಬಕೆಟ್ಟು ಗಟ್ಟಿ ಬಿಳಿ ಮುದ್ದೆಯಾಗಿ ಕಾಣುತ್ತಿತ್ತು. ಹಿಡಿಕೆಯ ಕಡ್ಡಿ ನುಣ್ಣಗೆ ಗುಂಡಗಿರಲೆಂದು ಸುತ್ತಲೂ ಹತ್ತಾರು ಮುಖಗಳು. ಅಂಚಿನ ಸುರುಳಿ, ಹಿಡಿಕೆ ಸಿಕ್ಕಿಸುವ ಕಿವಿ, ರಿವಿಟ್ಟಿನ ತಲೆ, ಮರಳಿನಡಿ ಮುಚ್ಚಿಹೋಗುವ ಒಳತಳ ಕೂಡ. ಎಳೆಯುವ ಎಂಜಿನ್ನಿಗಿಂತ ಆ ಸ್ಟ್ಯಾಂಡಿನಲ್ಲೇ ತ್ರಿಕೋನಗಳು ಹೆಚ್ಚಿದ್ದವು.

ಅದಕ್ಕಿಂತ ಕೆಟ್ಟದ್ದು ಇನ್ನೆರಡು. ದೂರ ಹೋದಂತೆ ಹಗುರವಾಗುವ ಬದಲಿ ರೂಪಗಳು ಅದಕ್ಕೆ ಇರಲೇ ಇಲ್ಲ. ಅರ್ಧ ಕಿಲೋಮೀಟರ್ ಆಚೆ ಒಂದು ಕೆಂಪು ಚುಕ್ಕಿಯಾಗಿ ಕಂಡಾಗಲೂ ರಿವಿಟ್ಟಿನ ತಲೆಗಳೆಲ್ಲ ಲೆಕ್ಕಕ್ಕೆ ಬರುತ್ತಿದ್ದವು. ಜೊತೆಗೆ ಒಂದೊಂದು ಬಕೆಟ್ಟಿಗೂ, ಅದರ ಮೇಲಿನ ಅಕ್ಷರಕ್ಕೂ, ಮರಳಿಗೂ, ಸ್ಟ್ಯಾಂಡಿಗೂ ಬೇರೆ ಬೇರೆ ಮೆಟೀರಿಯಲ್. ಒಂದೊಂದು ಮೆಟೀರಿಯಲ್‌ಗೂ ಪ್ರೊಸೆಸರ್ ಗ್ರಾಫಿಕ್ಸ್ ಕಾರ್ಡಿಗೆ ಪ್ರತ್ಯೇಕ ಆದೇಶ ಕಳಿಸಬೇಕು. ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿಗೆ ಇಡ್ಲಿಗೊಂದು, ಚಟ್ನಿಗೊಂದು, ಸಾಂಬಾರಿಗೊಂದು ಟೋಕನ್ ಬರೆಸಿದ ಹಾಗೆ: ಅಡುಗೆಮನೆ ಖಾಲಿ ಇದ್ದರೂ ಕೌಂಟರಿನಲ್ಲಿ ಸಾಲು ಬೆಳೆಯುತ್ತದೆ. ಕಿಟಕಿ ಕುಗ್ಗಿಸಿದರೂ ವೇಗ ಏರದಿದ್ದ ಗುಟ್ಟು ಇದು.

ಇಂಥ ವಸ್ತುಗಳನ್ನು ತಯಾರಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ಮುಖಗಳನ್ನು ತಾನೇ ಕಡಿಮೆ ಮಾಡುವ ಸೌಲಭ್ಯವಿದೆ. ಗುಂಡನೆಯ ವಸ್ತುವಿನ ಮೇಲೆ ಅದನ್ನು ಓಡಿಸಿದರೆ ಬಕೆಟ್ಟು ನೆಗ್ಗಿದ ಡಬ್ಬಿಯಾಗುತ್ತದೆ, ಅಕ್ಷರಗಳು ಸೊಟ್ಟಗಾಗುತ್ತವೆ. ಎಂಟು ಮುಖದ ಸಿಲಿಂಡರಿನಿಂದ ಹೊಸದಾಗಿ ಮಾಡುವುದೇ ಬೇಗ. ಬಣ್ಣ, ಅಕ್ಷರ, ಮರಳು ಎಲ್ಲವನ್ನೂ 512×512ರ ಒಂದೇ ಚಿತ್ರದಲ್ಲಿ ಕೂರಿಸಿದೆ. ಮೂಲದಲ್ಲಿ ಅಕ್ಷರಕ್ಕೇ 2048×2048ರ ಚಿತ್ರವಿತ್ತು. ಸಂಕುಚಿಸದೆ ಇಟ್ಟರೆ ಅಂಥದ್ದೊಂದಕ್ಕೆ 16 ಎಂಬಿ, ನನ್ನದಕ್ಕೆ 1. ಹತ್ತಿರಕ್ಕೊಂದು, ನಡುದೂರಕ್ಕೊಂದು, ಆಚೆಗೆ ಚಿತ್ರ ಅಂಟಿಸಿದ ಬರೀ ಪೆಟ್ಟಿಗೆ, ಹೀಗೆ ಮೂರು ರೂಪ. ಆಮೇಲೆ ಸಾಮೂಹಿಕ ಬದಲಾವಣೆಯ ಉಪಕರಣದಿಂದ ಇಡೀ ಮಾರ್ಗದಲ್ಲಿ ಹಳೆಯದರ ಜಾಗಕ್ಕೆ ಹೊಸದು ಬಂತು. ಅದಕ್ಕೆ ಮೊದಲು ಒಂದು ಬ್ಯಾಕಪ್ ಇಟ್ಟುಕೊಳ್ಳಬೇಕು. ಆ ಉಪಕರಣಕ್ಕೆ ದಯೆ ದಾಕ್ಷಿಣ್ಯ ಇಲ್ಲ.

ಮೂಲ ಬಕೆಟ್ಟನ್ನೇ ತಿದ್ದಿ ಹಂಚುವುದು ಸಲ್ಲದು, ಅದು ಮಾಡಿದವರ ಸ್ವತ್ತು. ಅವರಿಗೆ ಬರೆದೆ. ಕ್ಲೋಸಪ್ ಚಿತ್ರವೊಂದಕ್ಕೆಂದು ಮಾಡಿದ್ದಂತೆ. ಯಾರೋ ಕೇಳಿದರೆಂದು ಹಂಚಿದ್ದು. ಹಗುರ ರೂಪಗಳನ್ನು ಸೇರಿಸಿ ಅವರೇ ಹೊಸ ಆವೃತ್ತಿ ಹೊರತಂದರು. ಟ್ರೈನ್ಜ್‌ನ ವಸ್ತುವಿನ ಗುರುತಾದ ಕುಯಿಡ್ ಸಂಖ್ಯೆಯ ಕೊನೆಯಲ್ಲಿ ಆವೃತ್ತಿ ನಮೂದಾಗಿದ್ದರೆ, ಹೊಸದನ್ನು ಇಳಿಸಿಕೊಂಡ ಕೂಡಲೇ ಹಳೆಯದರ ಜಾಗವನ್ನು ಅದೇ ತುಂಬುತ್ತದೆ. ಇತರರ ಮಾರ್ಗಗಳೂ ಹಾಗೆಯೇ ಹಗುರಾದವು.

ಆ ಲಯಬದ್ಧ ಜಿಗಿತಕ್ಕೆ ಕಾರಣ ಬೇರೆ. ಗಾಡಿ ಬಂದಾಗ ಪಕ್ಕಕ್ಕೆ ಸರಿದು ಬಾವುಟ ಎತ್ತುವ ಗ್ಯಾಂಗ್‌ಮನ್ ಬೊಂಬೆಯನ್ನು ಘಾಟಿಯುದ್ದಕ್ಕೂ ನಿಲ್ಲಿಸಿದ್ದೆ, ಮಳೆಗಾಲದಲ್ಲಿ ಅಲ್ಲಿ ನಿಜವಾಗಿಯೂ ಹಳಿ ಕಾಯುತ್ತಾರಲ್ಲ ಎಂದು. ಕಾನ್ಫಿಗ್ ಕಡತ ತೆರೆದರೆ ಸ್ಕ್ರಿಪ್ಟ್ ಎಂಬ ಸಾಲಿತ್ತು. ಗಾಡಿ ಹತ್ತಿರ ಬಂದಾಗ ಆಟವೇ ಸುದ್ದಿ ಮುಟ್ಟಿಸುವ ವ್ಯವಸ್ಥೆ ಇದ್ದರೂ, ಈ ಬೊಂಬೆ ಕ್ಷಣಕ್ಷಣಕ್ಕೂ ಮಾರ್ಗದ ಮೇಲಿನ ಪ್ರತಿ ವ್ಯಾಗನ್ನಿನ ದೂರವನ್ನೂ ತಾನೇ ಅಳೆಯುತ್ತಿತ್ತು. ಒಂದು ಬೊಂಬೆಯಾದರೆ ತೊಂದರೆಯಿಲ್ಲ. ಉದ್ದನೆಯ ಗೂಡ್ಸ್, ಹಿಂದೆ ತಳ್ಳುವ ಬ್ಯಾಂಕರ್ ಎಂಜಿನ್ನುಗಳು, ದಾರಿಯುದ್ದಕ್ಕೂ ಬೊಂಬೆಗಳು ಎಂದಾಗ ಗುಣಾಕಾರವೇ ಬೆವರಿಳಿಸುತ್ತದೆ. ಸ್ಟೇಷನ್ ಬಳಿಯ ಒಂದೆರಡನ್ನು ಉಳಿಸಿ, ಮಿಕ್ಕ ಕಡೆ ಅಲ್ಲಾಡದ ಬೊಂಬೆ ನಿಲ್ಲಿಸಿದೆ.

ಕೆದಕುತ್ತ ಹೋದಾಗ ನೆಲದಡಿಯಲ್ಲೂ ಕಾಡು ಸಿಕ್ಕಿತು! 2000ರಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ನೆಲದ ಎತ್ತರದ ದತ್ತಾಂಶದಿಂದ ಗುಡ್ಡ ಎಬ್ಬಿಸಿದ್ದೆ. ಸುಮಾರು 30 ಮೀಟರಿಗೊಂದು ಬಿಂದು ಇರುವ ಅದರಲ್ಲಿ ಹಳಿಗೆ ಕಡಿದ ಕಣಿವೆ ಮೂಡುವುದಿಲ್ಲ, ಕೈಯಿಂದ ತಿದ್ದಬೇಕು. ತಿದ್ದುವಾಗ ಮುಚ್ಚಿಹೋದ ಮರಗಳು ಕಾಣದಿದ್ದರೂ ಕೂಲಿ ಕೇಳುತ್ತಲೇ ಇದ್ದವು. ಅವನ್ನು ಕಿತ್ತೆ. ಎಂಜಿನ್ ಕ್ಯಾಬಿನಿಂದ ಎಂದೂ ಕಾಣದ ಗುಡ್ಡದ ಹಿಂಬದಿಯ ಕಾಡನ್ನೂ ತೆಗೆದೆ. ಹದ್ದಿನ ಹಾಗೆ ಕ್ಯಾಮೆರಾ ಹಾರಿಸಿ ನೋಡುವವರು ಬೋಳು ಎಂದು ದೂರುತ್ತಾರೆ. ನನ್ನ ಮಾರ್ಗ ಗಾಡಿ ಓಡಿಸುವವರಿಗೆ.

ಶಿರಿಬಾಗಿಲು ಬಳಿ ಈಗಲೂ ತುಸು ಎಳೆತ ಇದೆ. ಅದು ಕಣಿವೆಯ ಮಂಜು: ಒಂದರ ಮೇಲೊಂದು ತೇಲುವ ಅರೆಪಾರದರ್ಶಕ ತೆರೆಗಳು. ಇಲ್ಲಿ ಕಿಟಕಿ ಕುಗ್ಗಿಸಿದರೆ ವೇಗ ಏರುತ್ತದೆ, ಹಾಗಾಗಿ ಕಾರಣದ ಬಗ್ಗೆ ಅನುಮಾನವಿಲ್ಲ. ಅದನ್ನು ತೆಗೆಯುವ ಮನಸ್ಸೂ ಇಲ್ಲ. ಮಾರ್ಗದಿಂದ ಎತ್ತಿ, ಅದರ ಮೇಲೆ ಆಡುವ ಮುಂಗಾರಿನ ಸೆಷನ್ನಿಗೆ ಮಾತ್ರ ಸೇರಿಸಿದ್ದೇನೆ. ಹಳೆಯ ಕಂಪ್ಯೂಟರಿನವರು ಬೇಸಿಗೆಯ ಸೆಷನ್ ಓಡಿಸಿಕೊಳ್ಳಬಹುದು.