ಅಡಿಮಣೆಯಲ್ಲಿ ಕಂಡ ಸೊಂಟನೋವು

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಬೋರ್ಡೋ ದ್ರಾವಣದ ಡ್ರಮ್ಮು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡೆ. ಭದ್ರಾವತಿ ಸೀಮೆಯ ನಮ್ಮ ಅಡಿಕೆ ತೋಟದಲ್ಲಿ ಆಗ ಎಂಟು ತುಡುವೆ ಜೇನಿನ ಪೆಟ್ಟಿಗೆಗಳಿದ್ದವು. ಒಂದೂವರೆ ತಿಂಗಳು ಅವುಗಳತ್ತ ಬಗ್ಗಲಾಗಲಿಲ್ಲ. ಬಾಗಿಲಲ್ಲಿ ಹುಳು ಓಡಾಡುವುದು ದೂರದಿಂದ ಕಾಣುತ್ತಿತ್ತು, ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡೆ. ಆಮೇಲೆ ಮುಚ್ಚಳ ತೆಗೆದರೆ ಮೂರು ಪೆಟ್ಟಿಗೆಯಲ್ಲಿ ಎರಿಯ ಜಾಗದಲ್ಲಿ ಬೂದು ಬಲೆ, ಅಡಿಮಣೆ ತುಂಬ ಕಪ್ಪು ಹಿಕ್ಕೆ, ಚೌಕಟ್ಟಿನ ಸಂದಿಯಲ್ಲಿ ಸಾಲಾಗಿ ಅಂಟಿಕೊಂಡ ಬಿಳಿ ಗೂಡು. ಮೇಣದ ಪತಂಗ!

ಬಲವಾದ ಕುಟುಂಬ ಪತಂಗದ ಮರಿಹುಳುವನ್ನು ತಾನೇ ಎಳೆದು ಹೊರಹಾಕುತ್ತದೆ. ಮಳೆಗಾಲದಲ್ಲಿ ಹೂವಿಲ್ಲದೆ ಜೇನಿನ ಸಂಖ್ಯೆ ಕುಗ್ಗುತ್ತದೆ, ಎರಿ ಮಾತ್ರ ಹಾಗೇ ಉಳಿಯುತ್ತದೆ. ಹುಳು ಮುಚ್ಚದ ಆ ಖಾಲಿ ಎರಿಯೇ ಪತಂಗದ ಮನೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಪತಂಗವಾಗಲು ಸುಮಾರು 6–7 ವಾರ ಸಾಕು. ನಾನು ಮಲಗಿದ್ದೂ ಹೆಚ್ಚುಕಡಿಮೆ ಅಷ್ಟೇ ದಿನ.

ಹೀಗಾಗಿ ಯಾರಾದರೂ 'ಪತಂಗಕ್ಕೆ ಯಾವ ಔಷಧಿ?' ಎಂದರೆ ನಾನು ಮೊದಲು ಅವರ ಮೈ ಹೇಗಿದೆ ಎಂದು ಕೇಳುತ್ತೇನೆ. ಪೆಟ್ಟಿಗೆಯೊಳಗೆ ಕೀಟನಾಶಕಕ್ಕಂತೂ ಜಾಗವಿಲ್ಲ. ಹುಳು ಮುಚ್ಚುವಷ್ಟು ಎರಿ ಮಾತ್ರ ಉಳಿಸಿ ಮಿಕ್ಕಿದ್ದನ್ನು ತೆಗೆಯುವುದು, ಅಡಿಮಣೆ ಕೆರೆದು ಒರೆಸುವುದು, ತೆಗೆದಿಟ್ಟ ಎರಿಗೆ ಬೇರೆ ಮುಚ್ಚಿದ ಪೆಟ್ಟಿಗೆಯಲ್ಲಿ ಗಂಧಕದ ಹೊಗೆ ಕೊಡುವುದು. ಇದಿಷ್ಟೇ ಕೆಲಸ. ಆದರೆ ಹತ್ತು ದಿನಕ್ಕೊಮ್ಮೆ ಬಗ್ಗಿ, ಎತ್ತಿ, ನೋಡಬೇಕು. ಭದ್ರಾ ನಾಲೆಗೆ ನೀರು ಬಿಟ್ಟು ಗದ್ದೆ ನಾಟಿ ಶುರುವಾದಾಗಲೂ, ಅಡಿಕೆ ಕೊಯ್ಲು ಸುಲಿತದ ನಡುವೆಯೂ ನಮ್ಮ ಮೈ ಸೋತಿರುತ್ತದೆ. ಆಗ ಮೊದಲು ಕೈಬಿಡುವುದು ಜೇನನ್ನೇ. ಹಸುವಿನ ಹಾಗೆ ಅದು ಕೂಗಿ ಕರೆಯುವುದಿಲ್ಲವಲ್ಲ.

ಈಗ ಸ್ಟ್ಯಾಂಡು ಎತ್ತರ ಮಾಡಿಸಿದ್ದೇನೆ. ಮೇಲಿನ ಚೌಕಟ್ಟು ಸೊಂಟದ ಮಟ್ಟಕ್ಕೆ ಬರುತ್ತದೆ. ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲು, ಇರುವೆ ಹತ್ತುವುದಿಲ್ಲ. ಬಟ್ಟಲು ತುಂಬಿಸಲಾದರೂ ದಿನಕ್ಕೊಮ್ಮೆ ಅತ್ತ ಹೋಗಲೇಬೇಕು, ಅದೂ ಒಂದು ಲಾಭ. ತುಪ್ಪ ತುಂಬಿದ ಮೇಲಿನ ಕೋಣೆಯನ್ನು ಒಬ್ಬನೇ ಇಡಿಯಾಗಿ ಎತ್ತುವುದನ್ನು ಬಿಟ್ಟು, ಒಂದೊಂದೇ ಚೌಕಟ್ಟು ತೆಗೆಯುತ್ತೇನೆ.

ಕಣ್ಣಿನ ಮಾತು ಯಾರೂ ಎತ್ತುವುದಿಲ್ಲ. ನಲವತ್ತು ದಾಟಿದವರು ಚಾಳೀಸು ಹಾಕಿಕೊಂಡೇ ಪೆಟ್ಟಿಗೆ ಬಿಚ್ಚಬೇಕು. ಬಿಸಿಲಿಗೆ ಬೆನ್ನು ಕೊಟ್ಟು ಎರಿಯನ್ನು ಓರೆಯಾಗಿ ಹಿಡಿದರೆ ಕೋಶದ ತಳದಲ್ಲಿ ಅಕ್ಕಿನುಚ್ಚಿಗಿಂತ ಸಣ್ಣ ಮೊಟ್ಟೆ ನಿಂತಿರುವುದು ಕಾಣುತ್ತದೆ. ಅದು ಕಂಡರೆ ಸಾಕು, ರಾಣಿಯನ್ನು ಹುಡುಕುತ್ತಾ ಕೂರಬೇಕಿಲ್ಲ. ತಲೆ ಮೇಲೆತ್ತಿ ದೋಣಿಯಂತೆ ಬಿದ್ದು ಸತ್ತ ಮರಿ ಕಂಡರೆ, ಹಿಡಿದು ಎತ್ತಿದಾಗ ನೀರಿನ ಚೀಲದಂತೆ ಬಂದರೆ, ಅದು ಥಾಯ್ ಸ್ಯಾಕ್‌ಬ್ರೂಡ್. 1991–92ರಲ್ಲಿ ದಕ್ಷಿಣ ಭಾರತದ ತುಡುವೆ ಸಾಕಣೆಯ ಬಹುಪಾಲನ್ನು ಮಲಗಿಸಿದ ವೈರಸ್ ಅದೇ. ಔಷಧಿಯಿಲ್ಲ. ಆ ಪೆಟ್ಟಿಗೆಯನ್ನು ಕೊನೆಗೆ ನೋಡಬೇಕು, ಅದರ ಎರಿಯನ್ನು ಇನ್ನೊಂದಕ್ಕೆ ಕೊಡಬಾರದು, ಕೈ ಮತ್ತು ಉಪಕರಣ ತೊಳೆಯಬೇಕು. ದಣಿದವನು ತಪ್ಪಿಸುವುದು ಈ ತೊಳೆಯುವ ಕೆಲಸವನ್ನೇ.

ಶಿವಮೊಗ್ಗದ ವಿನೋಬನಗರದಂಥ ಕಡೆ ಹಿತ್ತಲಲ್ಲಿ ಒಂದೆರಡು ಪೆಟ್ಟಿಗೆ ಇಟ್ಟವರದು ಬೇರೆ ಪಾಡು. ಆಫೀಸಿನಿಂದ ಬಂದು, ಕತ್ತಲಾಗುವ ಮುಂಚೆ ಗಡಿಬಿಡಿಯಲ್ಲಿ ತೆರೆಯುತ್ತಾರೆ. ಆಗ ಮೇಯಲು ಹೋದ ಹುಳುಗಳೆಲ್ಲ ಮನೆ ಸೇರಿರುತ್ತವೆ. ಕೈ ನಡುಗಿ ಚೌಕಟ್ಟು ಬಡಿದರೆ, ಎರಿಯ ಮೇಲೆ ಉಸಿರು ಬಿಟ್ಟರೆ ಕೆರಳುತ್ತವೆ. ಒಂದು ಹುಳು ಚುಚ್ಚಿತೆಂದರೆ ಬಾಳೆಹಣ್ಣಿನ ವಾಸನೆಯಂಥದ್ದೊಂದು ಹರಡುತ್ತದೆ. ಉಳಿದವಕ್ಕೆ ಅದೇ ಕರೆ. ಭಾನುವಾರ ಹೊತ್ತೇರಿದ ಮೇಲೆ ಬಿಚ್ಚುವುದು ಮೇಲು. ಮನಸ್ಸು ಕೆಟ್ಟ ದಿನ ಬಿಚ್ಚದಿರುವುದು ಇನ್ನೂ ಮೇಲು, ಆದರೆ ಆ ಮುಂದೂಡಿಕೆ ಎರಡು ದಿನ ಮೀರದಿರಲಿ.

ಕುಟುಕಿದಾಗ ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ಮುಖ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತಾ ಕೂರದೆ ಹತ್ತಿರದ ಆಸ್ಪತ್ರೆಗೆ ಓಡಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಆ ಹೊತ್ತಿನ ಚಿಕಿತ್ಸೆಯನ್ನು ಕಷ್ಟ ಮಾಡುತ್ತವೆ. ಜೇನು ಸಾಕುತ್ತೇನೆಂದು ವೈದ್ಯರಿಗೆ ಮೊದಲೇ ಹೇಳಿಡಿ. ಕಾಡಂಚಿನಲ್ಲಿ ಪೆಟ್ಟಿಗೆ ಇಟ್ಟವರಿಗೆ ಉಣುಗಿನ ಭಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಹೆಚ್ಚಾಗಿ ಕಾಣುವುದು ಡಿಸೆಂಬರ್‌ನಿಂದ ಮೇವರೆಗೆ, ಸರಿಯಾಗಿ ನಮ್ಮ ತುಪ್ಪದ ಕಾಲದಲ್ಲಿ. ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಸ್ನಾನ ಮಾಡಿ. ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ನಾನು ಮಲಗಿದ ಆ ವರ್ಷ ನಮ್ಮನೆಯಲ್ಲಿ ಇನ್ನೊಬ್ಬರಿಗೆ ಪೆಟ್ಟಿಗೆ ತೆರೆಯಲು ಬರುತ್ತಿರಲಿಲ್ಲ. ಈಗ ಮನೆಯವಳು ನನಗಿಂತ ಚೆನ್ನಾಗಿ ಹೊಗೆ ಹಾಕುತ್ತಾಳೆ. ಮುಚ್ಚಳದ ಒಳಮೈಗೆ ನೋಡಿದ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆಯುವುದು ಅವಳೇ ಹಾಕಿದ ಕ್ರಮ. ಹೋದ ಮಳೆಗಾಲದಲ್ಲಿ ನಾಟಿ ನಡುವೆ ನನಗೆ ಜ್ವರ ಬಂದು ಹನ್ನೆರಡು ದಿನ ಏಳಲಿಲ್ಲ. ಎದ್ದು ಐದನೇ ಪೆಟ್ಟಿಗೆ ತೆರೆದಾಗ ಒಳಗೆ ಎರಡು ದಿನದ ಹಿಂದಿನ ತಾರೀಖಿತ್ತು, ಅವಳ ಕೈಬರಹದಲ್ಲಿ.