ಅಂಗಳದ ಬಳ್ಳಿಗೆ ಕುಂಡದ ಬಾಳು

ಬೆಳ್ತಂಗಡಿಯ ಸೋದರಿಯವರಿಗೆ,

ಚಳಿಗಾಲದ ಶೈತ್ಯವನ್ನುಂಡಲ್ಲದೆ ಚೆನ್ನಾಗಿ ಪುಷ್ಪಿಸದ ವಿಸ್ಟೀರಿಯಾ, ಬಂಟ್ವಾಳ ಮೂಡುಬಿದಿರೆಗಳ ಸೆಕೆಯಲ್ಲಿ ಎಲೆ ತಳೆದೀತೇ ಹೊರತು ಹೂಗೊಂಚಲನ್ನು ಇಳಿಬಿಡುವುದು ದುರ್ಲಭವಾದುದರಿಂದ, ನಿಮ್ಮ ಬೇಲಿಯಲ್ಲಿ ಹಬ್ಬಿರುವ ಕಾಗದದ ಹೂವಿನ ಬಳ್ಳಿಯನ್ನೇ, ಮುಳ್ಳಿಗಂಜದೆ, ಬೋನ್ಸಾಯಿಗೆ ಆರಿಸಿಕೊಳ್ಳಿರಿ. ಹೆಬ್ಬೆರಳಿನ ಗಾತ್ರದ ಕೊಂಬೆಯ ತೊಗಟೆಯನ್ನು ಮಳೆಗಾಲದಾರಂಭದಲ್ಲಿ ಒಂದಂಗುಲದಷ್ಟು ಉಂಗುರಾಕಾರವಾಗಿ ಸುಲಿದು, ಒದ್ದೆಯಾದ ತೆಂಗಿನನಾರಿನ ಪುಡಿಯನ್ನಿಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು ಗೂಟಿ ಕಟ್ಟಿದಲ್ಲಿ, ಕೆಲವು ತಿಂಗಳುಗಳೊಳಗೆ ಬೇರು ಮೂಡುವುದು. ಆ ಬೇರು ಬಲು ನಾಜೂಕು. ಬೇರಿನ ಕೆಳಗೆ ಕೊಂಬೆಯನ್ನು ಕತ್ತರಿಸಿ, ಹಾಳೆ ಬಿಡಿಸಿ ಕುಂಡಕ್ಕಿಳಿಸುವಾಗ ನಾರಿನ ಪುಡಿಯ ಉಂಡೆ ಒಡೆಯಕೂಡದು.

ಮುರಕಲ್ಲಿನ ಚೂರು, ಮರಳು, ಗೊಬ್ಬರ ಬೆರೆತು ನೀರು ಸರಾಗವಾಗಿ ಬಸಿಯುವ ಮಣ್ಣಿರಲಿ. ಜಡಿಮಳೆಯಲ್ಲಿ ಕುಂಡವು ಸೂರಿನಡಿಯಿರಲಿ. ನೆರೆಯವರು ದಿನವೂ ನೀರೆರೆಯಿರೆಂದಾರು: ಕೇಳಬೇಡಿ. ಬೇಸಗೆಯ ಬಿಸಿಲಿನಲ್ಲಿ ಎಲೆ ತುಸು ಬಾಡಿದ ಮೇಲೆ ನೀರುಣಿಸಿದ ಗಿಡವೇ ಹೆಚ್ಚು ಹೂ ಬಿಡುವುದು.