ಲಕ್ವದ ನಂತರದ ದಿನಚರಿ: ಗಮನಿಸುವುದು ಹೇಗೆ, ಬರೆದಿಡುವುದು ಹೇಗೆ?

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಜವಾದ ಪರೀಕ್ಷೆ ಶುರುವಾಗುವುದು ಬಚ್ಚಲಿನಲ್ಲಿ, ಊಟದ ತಟ್ಟೆಯ ಮುಂದೆ. ದಿನದ ಕೆಲಸಗಳಲ್ಲಿ ಯಾವುದನ್ನು ತಾವೇ ಮಾಡುತ್ತಾರೆ, ಯಾವುದಕ್ಕೆ ನೆರವು ಬೇಕು ಎಂಬುದನ್ನು ಆಕ್ಯುಪೇಷನಲ್ ಥೆರಪಿಸ್ಟ್ ಅಳೆಯುತ್ತಾರೆ. ಮನೆಯವರು ಗಮನಿಸಿ ಬರೆದಿಟ್ಟದ್ದು ಅವರಿಗೆ ಬಹಳ ಉಪಯುಕ್ತ.

1. ಮೊದಲು ಅವರನ್ನೇ ಕೇಳಿ. ಲಕ್ವ ಹೊಡೆಯುವ ಮುಂಚೆ ದಿನ ಹೇಗೆ ಸಾಗುತ್ತಿತ್ತು? ಯಾವ ಕೆಲಸ ಮತ್ತೆ ತಾವೇ ಮಾಡಬೇಕೆಂಬ ಆಸೆಯಿದೆ? ಒಬ್ಬರಿಗೆ ಅಡುಗೆ ಮುಖ್ಯ, ಇನ್ನೊಬ್ಬರಿಗೆ ಶೌಚಕ್ಕೆ ಒಬ್ಬರೇ ಹೋಗುವುದು. ಚಿಕಿತ್ಸೆಯ ಗುರಿ ಇಲ್ಲಿಂದಲೇ ಹುಟ್ಟಬೇಕು.

2. ಪಟ್ಟಿ ಇಟ್ಟುಕೊಳ್ಳಿ. 1965ರಲ್ಲಿ ಪ್ರಕಟವಾದ ಬಾರ್ತೆಲ್ ಸೂಚ್ಯಂಕ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ 10 ವಿಷಯಗಳು: ಊಟ, ಸ್ನಾನ, ಹಲ್ಲುಜ್ಜಿ ತಲೆ ಬಾಚುವುದು, ಬಟ್ಟೆ ತೊಡುವುದು, ಮಲದ ಹಿಡಿತ, ಮೂತ್ರದ ಹಿಡಿತ, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಬರುವುದು, ನಡಿಗೆ, ಮೆಟ್ಟಿಲು. ಒಟ್ಟು 100 ಅಂಕ.

3. ಕಣ್ಣಾರೆ ನೋಡಿ. ‘ಮಾಡಬಲ್ಲರು’ ಎಂಬ ಊಹೆ ಬೇಡ. ‘ಮಾಡುತ್ತಿದ್ದಾರೆ’ ಎಂಬುದಷ್ಟೇ ಲೆಕ್ಕಕ್ಕೆ. ಬೆಳಗಿನ ಸ್ನಾನವನ್ನು ಬೆಳಿಗ್ಗೆಯೇ, ಅವರದೇ ಬಚ್ಚಲಿನಲ್ಲಿ ನೋಡಬೇಕು. ಒಪ್ಪಿಗೆ ಪಡೆಯಿರಿ, ಮರ್ಯಾದೆ ಕಾಯಿರಿ. ಬಿದ್ದಾರೆಂಬ ಭಯವಿದ್ದರೆ ಪಕ್ಕದಲ್ಲೇ ನಿಲ್ಲಿ. ಅಂಗಿ ತೊಡುವಾಗ ಎಲ್ಲಿ ತಡೆದರು? ತೋಳು ಏರಿಸುವಾಗಲೋ, ಗುಂಡಿ ಹಾಕುವಾಗಲೋ? ತಟ್ಟೆಯ ಒಂದೇ ಬದಿಯ ಅನ್ನ ಉಳಿಯುತ್ತಿದೆಯೇ? ಆ ಬದಿ ಅವರ ಗಮನಕ್ಕೇ ಬರುತ್ತಿಲ್ಲದಿರಬಹುದು. ನುಂಗುವಾಗ ಕೆಮ್ಮು ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

4. ನೆರವಿನ ಬಗೆಯನ್ನು ಬರೆಯಿರಿ. ‘ಕಷ್ಟವಾಗುತ್ತದೆ’ ಎಂದರೆ ಸಾಲದು. ತಾವೇ ಮಾಡಿದರೇ, ಬಾಯಿಮಾತಿನಲ್ಲಿ ನೆನಪಿಸಬೇಕಾಯಿತೇ, ಪಕ್ಕದಲ್ಲಿ ನಿಲ್ಲಬೇಕಾಯಿತೇ, ಕೈ ಕೊಡಬೇಕಾಯಿತೇ, ಪೂರ್ತಿ ನಾವೇ ಮಾಡಿದೆವೇ? ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸುಸ್ತಾದರು ಎಂಬುದೂ ಇರಲಿ.

5. ಮನೆವಾರ್ತೆಯ ಕೆಲಸಗಳನ್ನು ಮರೆಯಬೇಡಿ. ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು, ಫೋನ್ ಮಾಡುವುದು, ಚಿಲ್ಲರೆ ಎಣಿಸುವುದು, ಒಲೆ ಆರಿಸುವುದು. ಇವಕ್ಕೆ ಕೈಬಲದ ಜೊತೆ ನೆನಪು, ಗಮನ, ವಿವೇಚನೆಯೂ ಬೇಕು. 1969ರ ಲಾಟನ್–ಬ್ರಾಡಿ ಮಾಪಕ ಇಂಥ 8 ಬಗೆಯ ಕೆಲಸಗಳನ್ನು ನೋಡುತ್ತದೆ.

6. ಮನೆಯನ್ನೂ ಪರೀಕ್ಷಿಸಿ. ಎತ್ತರದ ಹೊಸ್ತಿಲು, ಜಾರುವ ನೆಲ, ಕುಕ್ಕರಗಾಲಲ್ಲಿ ಕೂರುವ ಶೌಚಾಲಯ, ಮಂದ ಬೆಳಕು: ಕೆಲಸ ನಿಲ್ಲಲು ಇವೂ ಕಾರಣವಾಗಬಹುದು. ಗೋಡೆಗೊಂದು ಗಟ್ಟಿ ಹಿಡಿಕೆ, ಕಮೋಡ್ ಕುರ್ಚಿ ಬಂದರೆ ಕೆಲವರಿಗೆ ಇನ್ನೊಬ್ಬರ ನೆರವೇ ಬೇಡವಾಗುತ್ತದೆ.

ಒಟ್ಟು ಅಂಕವನ್ನೇ ನೆಚ್ಚಬೇಡಿ. 60 ಅಂಕ ಪಡೆದ ಇಬ್ಬರಲ್ಲಿ ಒಬ್ಬರಿಗೆ ಮೆಟ್ಟಿಲು ಕಷ್ಟ, ಮತ್ತೊಬ್ಬರಿಗೆ ಊಟ. ಪ್ರತಿ ಕೆಲಸದ ವಿವರವನ್ನು ಥೆರಪಿಸ್ಟ್ ಮುಂದಿಡಿ; ಅವರು ಹೇಳಿದ ಅವಧಿಗೆ ಮತ್ತೆ ಅಳೆಯಿರಿ. ಪ್ರೀತಿಯಿಂದಲೋ ಅವಸರದಿಂದಲೋ ಎಲ್ಲವನ್ನೂ ನಾವೇ ಮಾಡಿಬಿಟ್ಟರೆ ಅವರಲ್ಲಿ ಉಳಿದಿರುವ ಶಕ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಪಾಯವಿಲ್ಲದ ಕಡೆ ಐದು ನಿಮಿಷ ಹೆಚ್ಚು ಕೊಡಿ. ಗುಂಡಿ ಅವರೇ ಹಾಕಿಕೊಳ್ಳಲಿ.